ಪತಂಜಲಿ ‘ಇಲ್ಲ’ ಎಂದ ಸ್ವರಗಳು

ಕರ್ನಾಟಕದ ರೈಲು ನಿಲ್ದಾಣಗಳ ಫಲಕಗಳಲ್ಲಿ ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುತ್ತದೆ. ಉತ್ತರದಿಂದ ಬಂದ ಪ್ರಯಾಣಿಕ ಹಿಂದಿಯಲ್ಲಿ ಬರೆದ ‘ಕೊಪ್ಪಳ’ವನ್ನು ‘ಕೋಪ್ಪಲ್’ ಎಂದು ಓದುತ್ತಾನೆ. ಬೆಳಗಾವಿ ಅವನ ಬಾಯಲ್ಲಿ ‘ಬೇಳಗಾವಿ’ಯಾಗುತ್ತದೆ, ಹೊಸಪೇಟೆ ‘ಹೋಸಪೇಟೆ’ಯಾಗುತ್ತದೆ. ತಪ್ಪು ಓದಿದವನದಲ್ಲ, ಫಲಕ ಬರೆದವನದೂ ಅಲ್ಲ. ಹಿಂದಿಯ ರೂಢಿಯ ವರ್ಣಮಾಲೆಯಲ್ಲಿ ಹ್ರಸ್ವ ಎಕಾರವೂ ಇಲ್ಲ, ಹ್ರಸ್ವ ಒಕಾರವೂ ಇಲ್ಲ.

ಕನ್ನಡಿಗರಿಗೆ ಇದು ಸಣ್ಣ ಸಂಗತಿಯಲ್ಲ. ಕೆರೆಗೆ ಕಾಲಿಡುವುದಕ್ಕೂ ಕೇರೆಯ ಮೇಲೆ ಕಾಲಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ‘ಕೊಡು’ ಎಂದರೆ ನೀಡು, ‘ಕೋಡು’ ಎಂದರೆ ಎತ್ತಿನ ಕೊಂಬು. ತೊಡುವುದು ಬಟ್ಟೆಯನ್ನು, ತೋಡುವುದು ಬಾವಿಯನ್ನು. ನಾಲಿಗೆ ಒಂದಿಷ್ಟು ಹೊತ್ತು ಹೆಚ್ಚು ನಿಂತರೆ ಅರ್ಥವೇ ಬೇರೆಯಾಗುವ ಈ ಸ್ವರಗಳಿಗೆ ಅಲ್ಲಿ ಅಕ್ಷರವಿಲ್ಲದೆ ಹೋದದ್ದು ಹೇಗೆ? ಉತ್ತರ ಹುಡುಕಲು ಎರಡು ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಧ್ವನಿಗಳನ್ನು ವಿಂಗಡಿಸುವ ವಿದ್ಯೆಯಲ್ಲಿ ಪ್ರಾಚೀನ ಭಾರತದ ವೈಯಾಕರಣರನ್ನು ಮೀರಿಸಿದವರು ಬಹುಕಾಲ ಯಾರೂ ಇರಲಿಲ್ಲ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಶಾಲೆಯ ಮಕ್ಕಳು ಇಂದಿಗೂ ಬಾಯಿಪಾಠ ಮಾಡುವುದು ಅವರದೇ ಲೆಕ್ಕ. ವ್ಯಂಜನಗಳಲ್ಲಿ ಈ ಲೆಕ್ಕ ಸಲೀಸು. ‘ತ’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ‘ಪ’ ಎನ್ನುವಾಗ ತುಟಿ ತುಟಿಗೆ ತಾಗುತ್ತದೆ. ಇಂಥ ವ್ಯಂಜನಗಳಿಗೆ ‘ಸ್ಪರ್ಶ’ ಎಂದೇ ಹೆಸರು. ತೊಡಕಿರುವುದು ಸ್ವರಗಳಲ್ಲಿ. ಅಲ್ಲಿ ನಾಲಿಗೆ ಯಾವುದನ್ನೂ ಮುಟ್ಟುವುದಿಲ್ಲ. ‘ಇ’ಯಿಂದ ‘ಎ’ಗೆ ಬರುವ ದಾರಿಯಲ್ಲಿ ಬೇಲಿಯಾಗಲಿ ಗಡಿಕಲ್ಲಾಗಲಿ ಇಲ್ಲ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಪ್ರತಿಯೊಂದು ಭಾಷೆ ತಾನೇ ತೀರ್ಮಾನಿಸಿಕೊಂಡಿದೆ.

ಈ ತೊಡಕು ಪಾಣಿನಿಗೆ ಚೆನ್ನಾಗಿ ಗೊತ್ತಿತ್ತು. ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಅಳತೆಗಳನ್ನು ಆತ ಉಕಾರವನ್ನು ಮೂರು ಬಗೆಯಲ್ಲಿ ಎಳೆದೇ ತೋರಿಸಿದ. ಅದು ಕೋಳಿಯ ಕೂಗಿನಂತಿದೆ ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಅದಕ್ಕಿಂತ ಸ್ವಾರಸ್ಯವಾದುದು ‘ಅಷ್ಟಾಧ್ಯಾಯಿ’ಯ ಕೊನೆಯ ಸೂತ್ರ. ಅಕಾರವನ್ನು ಎರಡು ಬಾರಿ ಹೇಳಿದರೆ ಸೂತ್ರ ಮುಗಿಯಿತು! ಮಾತಿನಲ್ಲಿ ‘ಅ’ ಬಾಯಿ ಅಷ್ಟಾಗಿ ತೆರೆಯದ ಸಂವೃತ ಸ್ವರ, ‘ಆ’ ತೆರೆದ ವಿವೃತ ಸ್ವರ. ಆದರೆ ಎರಡನ್ನೂ ಒಂದೇ ಜಾತಿ ಎಂದು ಎಣಿಸದಿದ್ದರೆ ಸಂಧಿಯ ನಿಯಮಗಳು ನಡೆಯುವುದಿಲ್ಲ. ಆದ್ದರಿಂದ ಪಾಣಿನಿ ಗ್ರಂಥದುದ್ದಕ್ಕೂ ‘ಅ’ವನ್ನು ವಿವೃತವೆಂದೇ ನಡೆಸಿಕೊಂಡು ಬಂದು, ಕಟ್ಟಕಡೆಗೆ ಅದನ್ನು ಅದರ ನಿಜರೂಪಕ್ಕೆ ಮರಳಿಸುತ್ತಾನೆ. ಕಿವಿಗೆ ಕೇಳುವುದು ಬೇರೆ, ಪಟ್ಟಿಯಲ್ಲಿ ಸೇರಿಸುವುದು ಬೇರೆ ಎಂಬ ವಿವೇಕ ಅಲ್ಲಿದೆ.

ಕ್ರಿ.ಪೂ. 2ನೆಯ ಶತಮಾನದವನೆಂದು ಹೇಳಲಾಗುವ ಪತಂಜಲಿ ತನ್ನ ‘ಮಹಾಭಾಷ್ಯ’ದಲ್ಲಿ ಎಕಾರ, ಒಕಾರಗಳ ಪ್ರಶ್ನೆಯನ್ನು ಎತ್ತಿಕೊಂಡ. ಸಂಸ್ಕೃತದಲ್ಲಿ ಇವೆರಡೂ ದೀರ್ಘ. ಆದರೆ ಸಾಮವೇದದ ಸಾತ್ಯಮುಗ್ರಿ, ರಾಣಾಯನೀಯ ಶಾಖೆಗಳವರು ‘ಅರ್ಧ’ ಎಕಾರ, ‘ಅರ್ಧ’ ಒಕಾರಗಳನ್ನು ಉಚ್ಚರಿಸುವುದು ಆತನ ಗಮನಕ್ಕೆ ಬಂದಿತ್ತು. ಅದು ಅವರ ಪಠಣದ ರೂಢಿ ಮಾತ್ರ, ಅಂಥ ಸ್ವರ ಲೋಕದಲ್ಲೂ ಇಲ್ಲ, ಬೇರೆ ವೇದದಲ್ಲೂ ಇಲ್ಲ ಎಂಬುದು ಆತನ ತೀರ್ಪು. ಪತಂಜಲಿಯ ‘ಲೋಕ’ವೆಂದರೆ ಸಂಸ್ಕೃತವನ್ನಾಡುವ ಶಿಷ್ಟರ ಲೋಕ. ಆತ ಇಲ್ಲವೆಂದ ಸ್ವರಗಳು ದಕ್ಷಿಣದ ದ್ರಾವಿಡ ಭಾಷೆಗಳಲ್ಲಿ ದಿನಬಳಕೆಯ ಸಾಮಗ್ರಿ.

ಅಕ್ಷರಗಳೂ ಇದೇ ದಾರಿಯಲ್ಲಿ ನಡೆದವು. ಅಶೋಕನ ಶಾಸನಗಳಲ್ಲಿ ಪ್ರಾಕೃತವನ್ನು ಬರೆದ ಬ್ರಾಹ್ಮೀ ಲಿಪಿಯಲ್ಲಿ ಎಕಾರಕ್ಕೆ ಒಂದೇ ಗುರುತು, ಒಕಾರಕ್ಕೆ ಒಂದೇ ಗುರುತು. ಅದರ ಸಂತತಿಯಾದ ಕನ್ನಡ ಲಿಪಿಗೂ ಈ ಬಡತನ ಬಳುವಳಿಯಾಗಿ ಬಂತು. ಹಳೆಯ ಶಾಸನಗಳಲ್ಲಿ ‘ಎ’ಯನ್ನೂ ‘ಏ’ಯನ್ನೂ ಬೇರೆ ಮಾಡಿ ಬರೆಯುವ ರೂಢಿ ಇರಲಿಲ್ಲ, ಓದುವವನೇ ಸಂದರ್ಭ ನೋಡಿ ತಿಳಿದುಕೊಳ್ಳಬೇಕಿತ್ತು. ತಮಿಳರು ಹ್ರಸ್ವ ಸ್ವರದ ಮೇಲೆ ಚುಕ್ಕೆ ಇಡುವ ಉಪಾಯ ಕಂಡುಕೊಂಡರು, ‘ತೊಲ್ಕಾಪ್ಪಿಯಂ’ನಲ್ಲಿ ಅದರ ವಿಧಿ ಇದೆ. ಕಾಲಾಂತರದಲ್ಲಿ ಚುಕ್ಕೆ ಬಿಟ್ಟುಹೋಯಿತು. 18ನೆಯ ಶತಮಾನದಲ್ಲಿ ಅಲ್ಲಿ ಹ್ರಸ್ವ ದೀರ್ಘಗಳಿಗೆ ಈಗಿನ ಬೇರೆ ಬೇರೆ ಗುರುತು ಕೊಟ್ಟ ಕೀರ್ತಿ ‘ವೀರಮಾಮುನಿವರ್’ ಎಂದು ಹೆಸರಾದ ಇಟಲಿಯ ಪಾದ್ರಿ ಬೆಸ್ಕಿಗೆ ಸಲ್ಲುತ್ತದೆ.

ಕನ್ನಡದಲ್ಲಿ ಈ ಸ್ವರಗಳ ಪರವಾಗಿ ನಿಂತವನು ಕೇಶಿರಾಜ. 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಆತ ಅಕ್ಷರಗಳ ಲೆಕ್ಕ ಹಾಕುವಾಗ ಸಂಸ್ಕೃತದ ಪಟ್ಟಿಯನ್ನು ಕಣ್ಣು ಮುಚ್ಚಿ ಒಪ್ಪಲಿಲ್ಲ. ಋ, ೠ, ಶ, ಷ, ವಿಸರ್ಗ ಮುಂತಾದವು ಅಚ್ಚಗನ್ನಡಕ್ಕೆ ಬೇಡವೆಂದು ಬದಿಗಿಟ್ಟ. ಹ್ರಸ್ವ ಎ, ಹ್ರಸ್ವ ಒ, ಱ, ೞ, ಳ ಈ ಐದನ್ನು ದೇಶೀಯವೆಂದು ಸೇರಿಸಿದ. ಕೊನೆಗೆ ಉಳಿದದ್ದು 47 ಶುದ್ಧಾಕ್ಷರ. ಶಾಸನದ ಕಲ್ಲಿನಲ್ಲಿ ಬೇರೆಯಾಗಿ ಕಾಣದಿದ್ದ ಸ್ವರವನ್ನು ಕಿವಿಯಿಂದ ಗುರುತಿಸಿದ್ದು ಸಾಮಾನ್ಯ ಕೆಲಸವಲ್ಲ.

ಇಷ್ಟಾದರೂ ಕೇಶಿರಾಜನ ಲೆಕ್ಕ ಕನ್ನಡದ್ದು, ಪಾಣಿನಿಯದು ಸಂಸ್ಕೃತದ್ದು. ಎಲ್ಲ ಭಾಷೆಗಳಿಗೂ ಹೊಂದುವ ಅಳತೆಗೋಲು ಬೇಕೆಂಬ ಹಂಬಲ ಬಲವಾದದ್ದು 19ನೆಯ ಶತಮಾನದ ಯುರೋಪಿನಲ್ಲಿ. ಸ್ಪಷ್ಟವಾಗಿ ಮಾತಾಡುವ ಕಲೆಯನ್ನು ಕಲಿಸುತ್ತಿದ್ದ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ 1867ರಲ್ಲಿ ಮೂರು ಪ್ರಶ್ನೆಗಳನ್ನು ಮುಂದಿಟ್ಟ. ನಾಲಿಗೆ ಎಷ್ಟು ಮೇಲಿದೆ? ಮುಂದಿದೆಯೋ ಹಿಂದಿದೆಯೋ? ತುಟಿ ದುಂಡಗಾಗಿದೆಯೋ ಇಲ್ಲವೋ? ಟೆಲಿಫೋನಿನ ಗ್ರಹಾಂ ಬೆಲ್ ಈತನ ಮಗ.

ಹಳೆಯ ಲೆಕ್ಕದಲ್ಲಿ ‘ಉ’ ಬರೀ ಓಷ್ಠ್ಯ, ಅಂದರೆ ತುಟಿಯ ಸ್ವರ. ಹೊಸ ಲೆಕ್ಕದಲ್ಲಿ ತುಟಿಯ ಕೆಲಸವೇ ಬೇರೆ, ನಾಲಿಗೆಯ ಕೆಲಸವೇ ಬೇರೆ. ಓದುಗರು ಪರೀಕ್ಷಿಸಿ ನೋಡಬಹುದು. ‘ಈ’ ಎಂದು ಎಳೆಯುತ್ತಾ, ನಾಲಿಗೆಯನ್ನು ಕದಲಿಸದೆ, ತುಟಿಯನ್ನು ಮಾತ್ರ ‘ಊ’ ಎನ್ನುವಂತೆ ದುಂಡಗೆ ಮಾಡಿದರೆ ಹೊರಡುವ ಸ್ವರ ಕನ್ನಡದಲ್ಲಿ ಇಲ್ಲ. ಫ್ರೆಂಚರಿಗೂ ಜರ್ಮನರಿಗೂ ಅದು ನಿತ್ಯದ ಸ್ವರ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಜೋನ್ಸ್ ಇನ್ನೂ ಮುಂದೆ ಹೋದ. ಸಣ್ಣ ಸೀಸದ ಸರಪಳಿಯನ್ನು ತನ್ನ ನಾಲಿಗೆಯ ಮೇಲೆ ಇಳಿಬಿಟ್ಟುಕೊಂಡು ಎಕ್ಸ್-ರೇ ಚಿತ್ರ ತೆಗೆಸಿದ. ಅವು ಪ್ರಕಟವಾದದ್ದು 1917ರಲ್ಲಿ. ನಾಲಿಗೆ ಎಟುಕಬಲ್ಲ ಕೊನೆಯ ಎಲ್ಲೆಗಳನ್ನು ಹಿಡಿದು, ನಡುವೆ ಸಮಾನ ಅಂತರದ ಮೆಟ್ಟಿಲುಗಳನ್ನು ಕಲ್ಪಿಸಿ ಎಂಟು ‘ಪ್ರಧಾನ ಸ್ವರ’ಗಳನ್ನು ನಿಗದಿ ಮಾಡಿದ. ಅವು ಯಾವ ಭಾಷೆಯ ಸ್ವರಗಳೂ ಅಲ್ಲ, ನಕ್ಷೆಯ ಮೇಲಿನ ಅಕ್ಷಾಂಶ ರೇಖಾಂಶಗಳಿದ್ದಂತೆ. ಆದರೆ ಮೆಟ್ಟಿಲುಗಳ ಅಂತರವನ್ನು ತೀರ್ಮಾನಿಸುವುದು ಕಿವಿಯೇ ಆದ್ದರಿಂದ ಅವನ್ನು ಬಲ್ಲ ಗುರುವಿನಿಂದಲೇ ಕಲಿಯಬೇಕಿತ್ತು. ವೇದಪಾಠದ ಪದ್ಧತಿ ಮತ್ತೊಂದು ರೂಪದಲ್ಲಿ ಲಂಡನ್ನಿಗೆ ಬಂದಂತಾಯಿತು!

ಯಂತ್ರಗಳು ಬಂದ ಮೇಲೂ ಗೊಂದಲ ತೀರಲಿಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ 76 ಜನರ ಸ್ವರಗಳನ್ನು ಅಳೆದು ಪ್ರಕಟಿಸಿದರು. ಗಂಡಸರು, ಹೆಂಗಸರು, ಮಕ್ಕಳ ಅಳತೆಗಳನ್ನು ಒಂದೇ ಚಿತ್ರದಲ್ಲಿ ಇಟ್ಟಾಗ ಒಂದು ಸ್ವರದ ಪ್ರದೇಶ ಪಕ್ಕದ ಸ್ವರದ ಪ್ರದೇಶದೊಳಕ್ಕೆ ನುಗ್ಗಿತ್ತು. ಆದರೂ ಕೇಳುವವರಿಗೆ ಆ ಪದಗಳಲ್ಲಿ ಹೆಚ್ಚಿನವು ತಪ್ಪಿಲ್ಲದೆ ತಿಳಿದವು. ಅಳತೆಯ ಪಟ್ಟಿಗಿಂತ ಕಿವಿ ಜಾಣ.

ಆ ಬಯಲನ್ನು ಹಂಚಿಕೊಳ್ಳುವುದರಲ್ಲಿ ಭಾಷೆಗಳ ಜಿಪುಣತನ, ಧಾರಾಳತನ ಬೆರಗು ಹುಟ್ಟಿಸುತ್ತವೆ. ಶಿಷ್ಟ ಅರಬ್ಬಿಗೆ ಮೂರು ಸ್ವರಗಳು, ಅವುಗಳ ದೀರ್ಘರೂಪಗಳು, ಇಷ್ಟು ಸಾಕು. ಸ್ಪ್ಯಾನಿಷ್‌ಗೆ ಐದು. ಕಾಕಸಸ್ ಪ್ರದೇಶದ ಉಬಿಖ್ ಭಾಷೆ ಎಂಬತ್ತಕ್ಕೂ ಹೆಚ್ಚು ವ್ಯಂಜನಗಳನ್ನು ಇಟ್ಟುಕೊಂಡು ಎರಡೇ ಸ್ವರಗಳಲ್ಲಿ ಸಂಸಾರ ತೂಗಿಸಿತ್ತು ಎಂಬುದು ಹಲವು ವಿದ್ವಾಂಸರ ಲೆಕ್ಕ. ಅದನ್ನು ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ 1992ರಲ್ಲಿ ಟರ್ಕಿಯಲ್ಲಿ ತೀರಿಕೊಂಡಾಗ ಭಾಷೆಯೂ ಹೋಯಿತು.

ಹಿಂದಿ ಫಲಕದ ಮೇಲೆ ಮುನಿಸಿಕೊಳ್ಳುವ ಕನ್ನಡಿಗರು ತಮ್ಮ ವರ್ಣಮಾಲೆಯತ್ತಲೂ ಒಮ್ಮೆ ನೋಡಬೇಕಾಗುತ್ತದೆ. ‘ಬ್ಯಾಂಕ್’ ಪದದ ಸ್ವರಕ್ಕೆ ಅದರಲ್ಲಿ ಅಕ್ಷರವಿಲ್ಲ, ‘ಯ’ಕಾರದ ಒತ್ತು ಕೊಟ್ಟು ಸುಧಾರಿಸಿಕೊಳ್ಳುತ್ತೇವೆ. ಅದು ಹೊರಗಿನಿಂದ ಬಂದ ಪದ, ಇರಲಿ. ಕೊಡಗಿನ ಕೊಡವ ತಕ್ಕಿನಲ್ಲಿ ‘ಇ’ ಮತ್ತು ‘ಎ’ಗಳು ಮೂರ್ಧನ್ಯ ವ್ಯಂಜನಗಳ ನೆರೆಯಲ್ಲಿ ಬಾಯಿಯ ನಡುಭಾಗಕ್ಕೆ ಸರಿದು ಬೇರೆಯೇ ಸ್ವರಗಳಾಗಿವೆ. ಕನ್ನಡ ಅಕ್ಷರಗಳಲ್ಲಿ ಬರೆಯುವ ಕೊಡವರಿಗೆ ಆ ಸ್ವರಗಳಿಗೆ ತಕ್ಕ ಗುರುತು ಸಿಗುವುದಿಲ್ಲ.

ಕನ್ನಡಕ್ಕೆ ಇನ್ನೂ ಹತ್ತಿರದ ನಂಟು ನೀಲಗಿರಿಯ ಬಡಗರ ಮಾತು. ಭಾಷಾವಿಜ್ಞಾನಿ ಎಂ.ಬಿ. ಎಮೆನೊ 1939ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಅದರ ಐದು ಸ್ವರಗಳಿಗೆ ತಲಾ ಮೂರು ಬಗೆ: ಸಾದಾ, ನಾಲಿಗೆಯ ತುದಿ ಅರ್ಧ ಮಡಚಿದ್ದು, ಪೂರ್ತಿ ಮಡಚಿದ್ದು. ಜಗತ್ತಿನ ಭಾಷೆಗಳಲ್ಲಿ ಇದು ತೀರ ಅಪರೂಪ. ನಂತರದ ಅಧ್ಯಯನಗಳಲ್ಲಿ ಈ ಭೇದವನ್ನು ಪೂರ್ತಿಯಾಗಿ ಉಳಿಸಿಕೊಂಡವರು ಕೆಲವರಷ್ಟೇ ಸಿಕ್ಕಿದ್ದಾರೆ. ನಮ್ಮ ಬಾಯಿ, ಬಳೆ, ಬೆಳೆ ಈ ಮೂರೂ ಆ ಮಾತಿನಲ್ಲಿ ಸವೆದು, ಬಕಾರದ ಮುಂದೊಂದು ಎಕಾರದ ಜಾತಿಯ ಸ್ವರವಾಗಿ ಉಳಿದಿವೆ. ಮೂರನ್ನೂ ಬೇರೆ ಮಾಡುವುದು ನಾಲಿಗೆ ಮಡಚಿದ ಪ್ರಮಾಣ ಮಾತ್ರ. ಕನ್ನಡ ಲಿಪಿಯಲ್ಲಿ ಮೂರನ್ನೂ ಒಂದೇ ರೀತಿ ಬರೆಯಬೇಕಾಗುತ್ತದೆ.