ಹುಣಸೂರು ಸೀಮೆಗೆ ಮೊದಲ ಸಲ ಹೋಗುವವರಿಗೆ

ಮೈಸೂರಿನಲ್ಲಿ ಅರಮನೆ, ಚಾಮುಂಡಿಬೆಟ್ಟ ನೋಡಿ ಮುಗಿಸಿದವರು ಪಡುವಣಕ್ಕೆ ಹೊರಳಿದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸಿಗುತ್ತವೆ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಅಕ್ಕಪಕ್ಕ. ಅದನ್ನು ನಂಬಿ ಒಂದೇ ದಿನದಲ್ಲಿ ನಾಲ್ಕೂ ಕಡೆ ಸುತ್ತುತ್ತೇವೆ ಎಂದು ಹೊರಟವರು ನಡುಮಧ್ಯಾಹ್ನ ಬೆಟ್ಟ ಹತ್ತಿ, ಸಂಜೆ ಕಾಡಿನ ಗೇಟಿನೆದುರು ನಿಲ್ಲಬೇಕಾಗುತ್ತದೆ. ಕಿಲೋಮೀಟರಿಗಿಂತ ಹೊತ್ತಿನ ಲೆಕ್ಕ ಇಲ್ಲಿ ಮುಖ್ಯ. ಎರಡು ದಿನವಾದರೂ ಇಟ್ಟುಕೊಳ್ಳಿ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಒಂದು ಕಡೆ, ಕೋಟೆಯೇ ಬೇರೆ ಕಡೆ.

ಯಾವ ಕಾಲ ಒಳ್ಳೆಯದು

ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಆಸುಪಾಸಿಗೆ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಇದ್ದಕ್ಕಿದ್ದಂತೆ ಗುಡುಗು ಸಿಡಿಲಿನ ಮಳೆ ಬೀಳುವುದೂ ಉಂಟು. ಜೂನ್‌ನಲ್ಲಿ ಮುಂಗಾರು ಹಿಡಿದರೆ ಕೊಡಗಿಗೆ ಅಂಟಿಕೊಂಡಿರುವ ಪಿರಿಯಾಪಟ್ಟಣದ ಕಡೆ ಮಳೆ ಜಾಸ್ತಿ. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ದಿನಗಳು ತಿರುಗಾಟಕ್ಕೆ ಹೇಳಿಮಾಡಿಸಿದವು. ಡಿಸೆಂಬರ್, ಜನವರಿಯಲ್ಲಿ ಕಾಡಂಚಿನ ಬೆಳಗಿನ ಜಾವಕ್ಕೆ ಸ್ವೆಟರ್ ಬೇಕೇ ಬೇಕು. ‘ಸೆಕೆಯ ಊರು’ ಅಂದುಕೊಂಡು ಬಂದವರು ತೆರೆದ ಸಫಾರಿ ಜೀಪಿನಲ್ಲಿ ನಡುಗುವುದನ್ನು ನೋಡಬಹುದು.

ಆದರೆ ಆನೆ ನೋಡಬೇಕೆಂದರೆ ಬೇಸಿಗೆಯೇ ಬೇಕು. ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರು ಇಳಿದಾಗ ಬಯಲಾದ ದಡದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಕಟ್ಟೆಗಳು ಒಣಗಿದಂತೆಲ್ಲ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ.

ಬಸ್ಸು, ರೈಲು

ನಾಲ್ಕು ಪಟ್ಟಣಗಳ ಪೈಕಿ ರೈಲು ನಿಲ್ದಾಣ ಇರುವುದು ಕೆ.ಆರ್. ನಗರದಲ್ಲಿ ಮಾತ್ರ, ಮೈಸೂರು–ಹಾಸನ ಮಾರ್ಗದಲ್ಲಿದೆ. ಉಳಿದ ಮೂರಕ್ಕೂ ಬಸ್ಸೇ ಗತಿ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹುಣಸೂರು, ಬೈಲುಕುಪ್ಪೆ ಮೇಲೆ ಹಾಯುವುದರಿಂದ ಆ ದಾರಿಯಲ್ಲಿ ಕಾಯುವ ಕಷ್ಟ ಕಡಿಮೆ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿ.ಮೀ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಉಚಿತ; ಆಧಾರ್ ಕೈಯಲ್ಲಿರಲಿ. ಹಳ್ಳಿಗಳಿಗೆ ಹೋಗುವ ಬಸ್ಸಿನ ವಿಷಯ ಬೇರೆ. ಇಳಿದ ಕೂಡಲೇ ‘ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗಣ್ಣ?’ ಎಂದು ಕಂಡಕ್ಟರನ್ನೇ ಕೇಳಿಕೊಳ್ಳಿ.

ಕಾಡಿನ ಗೇಟು ಆರಕ್ಕೆ ಮುಚ್ಚುತ್ತದೆ

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿ, ಕೋಟೆಯ ಕಡೆಯಿಂದ ದಮ್ಮನಕಟ್ಟೆ ಸಫಾರಿಯ ಬಾಗಿಲು. ಕಾಡಿನ ನಡುವೆ ಹೋಗುವ ಕುಟ್ಟ ರಸ್ತೆಯಲ್ಲೂ, ಕೋಟೆ ಮೇಲೆ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆಯಲ್ಲೂ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಐದೂ ಮುಕ್ಕಾಲಿಗೆ ಬಂದು ಗೋಗರೆಯುವುದಕ್ಕಿಂತ ಐದಕ್ಕೇ ದಾಟಿಬಿಡುವುದು ಲೇಸು. ಒಳಗೆ ಗಾಡಿ ನಿಲ್ಲಿಸುವಂತಿಲ್ಲ, ಕೋತಿಗೆ ಬಾಳೆಹಣ್ಣು ಎಸೆಯುವಂತಿಲ್ಲ.

ಸಫಾರಿ ಟಿಕೆಟ್ ಕಾದಿರಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ಸದ್ಯದ ಸ್ಥಿತಿ ವಿಚಾರಿಸಿ. ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಪ್ರವಾಸಿಗೆ ಹುಲಿ ಎಂದರೆ ಒಂದು ಫೋಟೊ. ಸರಗೂರು ಕಡೆಯ ರೈತನಿಗೆ ಅದು ಹೊಲಕ್ಕೆ ಹೋಗಲೋ ಬೇಡವೋ ಎಂಬ ಪ್ರಶ್ನೆ. ಚಹಾ ಅಂಗಡಿಯಲ್ಲಿ ಕೂತು ‘ಹುಲಿ ಕಾಣಲೇ ಇಲ್ಲ’ ಎಂದು ಗೊಣಗುವಾಗ ಇದು ನೆನಪಿರಬೇಕು. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳೂ ನೋಡುವ ಜಾಗಗಳಲ್ಲ, ಜನ ಬದುಕುವ ಮನೆಗಳು. ಕರೆಯದೆ ಕ್ಯಾಮೆರಾ ಹಿಡಿದು ನುಗ್ಗಬೇಡಿ.

ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು, ಕೊನೆಯದು 1971ರಲ್ಲಿ. ಮಹಾರಾಜರ ಅತಿಥಿಗಳು ಬೇಟೆಗೆಂದು ತಂಗುತ್ತಿದ್ದ ಕಾರಾಪುರದಲ್ಲಿ ಈಗ ಜಂಗಲ್ ಲಾಡ್ಜಸ್‌ನ ವಸತಿಗೃಹವಿದೆ. ಬಾಡಿಗೆ ಕೈಗೆಟುಕದಿದ್ದರೆ ಕೋಟೆ ಪಟ್ಟಣದಲ್ಲೋ ಮೈಸೂರಿನಲ್ಲೋ ಉಳಿದು ಬೆಳಿಗ್ಗೆ ಬೇಗ ಹೊರಡಬಹುದು.

ಪಿರಿಯಾಪಟ್ಟಣ ಕಡೆಯ ಬೈಲುಕುಪ್ಪೆ, ಬೆಟ್ಟದಪುರ

ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ 1961ರಲ್ಲಿ ಶುರುವಾದ ವಸತಿ ಬೈಲುಕುಪ್ಪೆಯದು. ಅಲ್ಲಿನ ನಾಮ್‌ಡ್ರೋಲಿಂಗ್ ಮಠವನ್ನು ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದರು. ಜನ ‘ಗೋಲ್ಡನ್ ಟೆಂಪಲ್’ ಎನ್ನುವ ಗುಡಿ ಅದರೊಳಗಿನದು. ನಡುವೆ 60 ಅಡಿ ಎತ್ತರದ ಬುದ್ಧ, ಎರಡು ಬದಿಯಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆ ಕೂತು ಕೇಳಬಹುದು, ಸೆಲ್ಫಿಗಾಗಿ ಭಿಕ್ಷುಗಳ ಸಾಲಿನೊಳಗೆ ತೂರಬಾರದು. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದರೆ ಹಗಲು ನೋಡಿ ಬರಲು ತೊಂದರೆಯಿಲ್ಲ. ರಾತ್ರಿ ವಸತಿಯೊಳಗೆ ಉಳಿಯಲು ಸರ್ಕಾರದ ಪರವಾನಗಿ ಬೇಕು. ಅದಿಲ್ಲದವರು ಕುಶಾಲನಗರದಲ್ಲಿ ತಂಗುತ್ತಾರೆ.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಮೆಟ್ಟಿಲುಂಟು, ನೆರಳು ಕಡಿಮೆ. ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಲು ಶುರುಮಾಡಿ, ನೀರು ಕೆಳಗಿನಿಂದಲೇ ಒಯ್ಯಿರಿ. ದೇವರ ಹೆಸರಲ್ಲೇ ಸಿಡಿಲಿದೆ, ಮೋಡ ಕಟ್ಟಿದ ಸಂಜೆ ಆ ಕಡೆ ಹೋಗಬೇಡಿ.

ಕೆ.ಆರ್. ನಗರದ ನೀರು

ಕಾವೇರಿ ದಡದ ಎಡತೊರೆ ಪ್ರವಾಹಕ್ಕೆ ಸಿಕ್ಕಿ ನಲುಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಹೊಸ ಊರು ಕೆ.ಆರ್. ನಗರ. ಹಳೆಯ ಎಡತೊರೆಯ ಅರ್ಕೇಶ್ವರ ದೇವಸ್ಥಾನ ಹತ್ತಿರವೇ ಇದೆ. ಚುಂಚನಕಟ್ಟೆಯ ಜಲಪಾತ ನೋಡಲು ಮಳೆಗಾಲದಲ್ಲೇ ಹೋಗಬೇಕು, ಬೇಸಿಗೆಯಲ್ಲಿ ಹೋದರೆ ಬಂಡೆಯೇ ಹೆಚ್ಚು. ಆ ಬಂಡೆ ಪಾಚಿಗಟ್ಟಿ ಜಾರುತ್ತದೆ. ನೀರಿಗಿಳಿಯುವ ಹಟ ಬೇಡ. ಪಕ್ಕದ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ವಾಡಿಕೆಯಂತೆ ಎಡಕ್ಕಲ್ಲ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸದು ಎನ್ನುತ್ತಾರೆ, ನಿಂತು ಪರೀಕ್ಷಿಸಬಹುದು. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ದನಗಳ ಜಾತ್ರೆ. ಶಿವರಾತ್ರಿಯ ಹೊತ್ತಿಗೆ ರಾಚಪ್ಪಾಜಿಯ ಕಪ್ಪಡಿ ಜಾತ್ರೆ ಸೇರುತ್ತದೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಊಟ, ಹೊಗೆಸೊಪ್ಪು

ಮುದ್ದೆ, ಬಸ್ಸಾರು, ಉಪ್ಸಾರು, ನಾಟಿ ಕೋಳಿ ಸಾರು. ಅವರೆಕಾಯಿ ಕಾಲದಲ್ಲಿ ಬಂದರೆ ಹಿತಕಿದಬೇಳೆ ಸಾರು ಬಿಡಬೇಡಿ. ಮುದ್ದೆ ಅಗಿಯಬಾರದು, ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಬೈಲುಕುಪ್ಪೆಯಲ್ಲಿ ಮೋಮೊ, ತುಕ್ಪಾ. ಬಿಸಿಲಿಗೆ ಎಳನೀರು, ಮಜ್ಜಿಗೆ ಸಾಕು.

ಮಳೆಗಾಲದ ನಡುವಿನಿಂದ ಮುಂದಕ್ಕೆ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಹಾದರೆ ಎತ್ತರದ ಕಿರುಮನೆಗಳಿಂದ ಹೊಗೆ, ಘಾಟು ವಾಸನೆ ಬರುತ್ತದೆ. ಅವು ವರ್ಜೀನಿಯಾ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಸೊಪ್ಪು ಹರಾಜಾಗುವುದು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಕಡೆ ಇರುವ ತಂಬಾಕು ಮಂಡಳಿಯ ಮಾರುಕಟ್ಟೆಗಳಲ್ಲಿ. ಬೆಂಕಿ ಹಾಕಿದ ಬ್ಯಾರನ್ ಪಕ್ಕ ಆ ಮನೆಯವರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ, ಹಗಲು ಮಲಗಿದ್ದರೆ ದಾರಿ ಕೇಳಲೆಂದು ಎಬ್ಬಿಸಬೇಡಿ.