ಫ್ಯಾಕ್ಟ್ ಚೆಕ್: ವರ್ಷ ತುಂಬದ ಮಗುವಿಗೆ ಪ್ರಾಣಿ-ಪಕ್ಷಿಗಳ ಚಿತ್ರಪುಸ್ತಕ ದಂಡವೇ?

ಚುಟುಕಾಗಿ

ಮಾತು ಬಾರದ ಕೂಸಿಗೆ ಚಿತ್ರಪುಸ್ತಕ ಕೊಡುವುದು ದಂಡ, ಅದರ ಬದಲು ಪ್ರಾಣಿಗಳ ವಿಡಿಯೋ ಹಾಕಿದರೆ ಬೇಗ ಮಾತು ಕಲಿಯುತ್ತದೆ ಎಂಬ ಸಲಹೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ನಾವು ಪರಿಶೀಲಿಸಿದಾಗ ಈ ಹೇಳಿಕೆ ಬಹುಪಾಲು ತಪ್ಪು ಎಂದು ಕಂಡುಬಂದಿದೆ.

ಮಗುವಿಗೆ ಚಿತ್ರ ಅರ್ಥವಾಗುತ್ತದೆಯೇ?

ಒಮ್ಮೆಲೇ ಅಲ್ಲ, ಹಂತಹಂತವಾಗಿ. ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳ ಮಕ್ಕಳು ಪುಟದಲ್ಲಿದ್ದ ವಸ್ತುವನ್ನು ಕೈಯಿಂದ ಎತ್ತಿಕೊಳ್ಳಲು ನೋಡಿದವು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಮಕ್ಕಳೂ ಹಾಗೆಯೇ ಮಾಡಿದವು. 19 ತಿಂಗಳ ಹೊತ್ತಿಗೆ ಮಕ್ಕಳು ಚಿತ್ರದತ್ತ ಬೆರಳು ತೋರಿಸುತ್ತಿದ್ದವು.

ಅಂದರೆ ನಿಮ್ಮ ಮಗು ಪುಟ ಕೆರೆಯುವುದು ಪುಸ್ತಕ ಬೇಡವೆಂದಲ್ಲ. ಚಿತ್ರವೇ ಬೇರೆ, ನಿಜವಾದ ವಸ್ತುವೇ ಬೇರೆ ಎಂಬುದನ್ನು ಅದು ಕಂಡುಕೊಳ್ಳುತ್ತಿದೆ. ಬಾಯಿಗಿಡುವುದೂ ಈ ವಯಸ್ಸಿನಲ್ಲಿ ಸಹಜ. ಹಾಗಾಗಿ ದಪ್ಪ ರಟ್ಟಿನ, ದುಂಡು ಮೂಲೆಯ ಪುಸ್ತಕ ಒಳ್ಳೆಯದು.

ವಿಡಿಯೋ ನೋಡಿದರೆ ಬೇಗ ಮಾತು ಬರುತ್ತದೆಯೇ?

ಡಿಲೋಚ್ ತಂಡ 2010ರಲ್ಲಿ ಇದನ್ನೂ ಪರೀಕ್ಷಿಸಿತು. 12ರಿಂದ 18 ತಿಂಗಳ ಮಕ್ಕಳಿಗೆ ಪದ ಕಲಿಸುವ ಜನಪ್ರಿಯ ವಿಡಿಯೋವನ್ನು ನಾಲ್ಕು ವಾರ ಮನೆಯಲ್ಲೇ ತೋರಿಸಲಾಯಿತು. ವಿಡಿಯೋ ನೋಡಿದ ಮಕ್ಕಳು, ನೋಡದ ಮಕ್ಕಳಿಗಿಂತ ಹೆಚ್ಚು ಪದ ಕಲಿಯಲಿಲ್ಲ. ವಿಡಿಯೋ ಇಲ್ಲದೆ, ಅಪ್ಪ-ಅಮ್ಮ ದಿನನಿತ್ಯದ ಮಾತಿನಲ್ಲೇ ಆ ಪದಗಳನ್ನು ಕಲಿಸಿದ ಮಕ್ಕಳು ಎಲ್ಲರಿಗಿಂತ ಮುಂದಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ 2 ವರ್ಷದೊಳಗಿನ ಮಕ್ಕಳನ್ನು ಸ್ಕ್ರೀನ್ ಮುಂದೆ ಕೂರಿಸುವುದನ್ನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಎಂಥ ಪುಸ್ತಕ ಕೊಡಬೇಕು?

• ನಿಜಕ್ಕೆ ಹತ್ತಿರವಾದ ಚಿತ್ರ: 15-18 ತಿಂಗಳ ಮಕ್ಕಳು ಪುಸ್ತಕದಲ್ಲಿ ಕಲಿತ ಹೆಸರನ್ನು ನಿಜವಾದ ವಸ್ತುವಿಗೂ ಅನ್ವಯಿಸಬಲ್ಲರು. ಚಿತ್ರ ಸಹಜವಾಗಿದ್ದಷ್ಟೂ ಇದು ಸುಲಭ ಎಂದು 2008ರ ಅಧ್ಯಯನವೊಂದು ತೋರಿಸಿದೆ.

• ಸರಳತೆ: ಎಳೆಯುವ, ತೆರೆಯುವ ಪಟ್ಟಿಗಳಿರುವ ಪುಸ್ತಕಕ್ಕಿಂತ ಸಾದಾ ಪುಸ್ತಕದಿಂದಲೇ ಪುಟ್ಟ ಮಕ್ಕಳು ಪ್ರಾಣಿಗಳ ಹೆಸರನ್ನು ಚೆನ್ನಾಗಿ ಕಲಿತರು ಎನ್ನುತ್ತದೆ 2010ರ ಇನ್ನೊಂದು ಅಧ್ಯಯನ.

• ನಿಜ ಸಂಗತಿ: ಸ್ವಲ್ಪ ದೊಡ್ಡ, 3-5 ವರ್ಷದ ಮಕ್ಕಳ ಮೇಲಿನ 2014ರ ಅಧ್ಯಯನದಲ್ಲಿ, ಪ್ರಾಣಿಗಳು ಮನುಷ್ಯರಂತೆ ವರ್ತಿಸುವ ಪುಸ್ತಕ ಕೇಳಿದವರು ಆ ಪ್ರಾಣಿಗಳ ಬಗ್ಗೆ ನಿಜ ಸಂಗತಿ ಕಲಿತದ್ದು ಕಡಿಮೆ. ಕಥೆಗೆ ಮಾತಾಡುವ ಮೊಲ ಇರಲಿ, ಪರಿಸರ ಪರಿಚಯಕ್ಕೆ ಹುಲ್ಲು ಮೇಯುವ ಮೊಲವೇ ಸಾಕು.

ದುಬಾರಿ ಪುಸ್ತಕವೇ ಆಗಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮೊಬೈಲ್ ಕೈಗೆ ಕೊಡದೆ ಪ್ರಿಂಟ್ ಹಾಕಿಸಿ. ಕಾಗೆ, ಅಳಿಲು, ಹಸು, ಬಾಳೆಗಿಡಗಳ ಫೋಟೋಗಳನ್ನು ರಟ್ಟಿಗೆ ಅಂಟಿಸಿದರೂ ಪುಸ್ತಕ ಸಿದ್ಧ.

ಹೇಗೆ ಓದಬೇಕು?

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅದು ನೋಡುತ್ತಿರುವ ಚಿತ್ರದ ಬಗ್ಗೆಯೇ ಮನೆಮಾತಿನಲ್ಲಿ ಹೇಳಿ: "ಇದು ಕಾಗೆ. ಕಾ ಕಾ ಅನ್ನುತ್ತೆ." ಕಿಟಕಿಗೆ ಕಾಗೆ ಬಂದಾಗ ಅದನ್ನೂ ತೋರಿಸಿ. ಮಗು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಗಮನಿಸಿ: ಪುಸ್ತಕವಾಗಲಿ, ವಿಡಿಯೋ ಆಗಲಿ ಚಿಕಿತ್ಸೆಯಲ್ಲ. ಒಂದೂವರೆ ವರ್ಷವಾದರೂ ಮಗು ಒಂದೂ ಪದ ಆಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ "ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ" ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ನಿರ್ಣಯ

ಹೇಳಿಕೆ ಬಹುಪಾಲು ತಪ್ಪು. ಹಾಗೆಂದು ಪುಸ್ತಕ ಕೊಟ್ಟ ಮಾತ್ರಕ್ಕೆ ಮಗು ಜಾಣನಾಗಿಬಿಡುವುದಿಲ್ಲ. ಪುಸ್ತಕವನ್ನು ನೆಪವಾಗಿಟ್ಟುಕೊಂಡು ಮನೆಯವರು ಆಡುವ ಮಾತೇ ಮಗುವಿಗೆ ಮಾತು ಕಲಿಸುತ್ತದೆ. ಇಂಥ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದರೆ ಈ ಮಾಹಿತಿ ಹಂಚಿಕೊಳ್ಳಿ.