ಕೋವಿಯ ಬಾಯಿ

ಮಲೆನಾಡಿನ ಹಳೆಯ ಮನೆಗಳಲ್ಲಿ ‘ಹನ್ನೆರಡು ಬೋರಿನ ಕೋವಿ’ ಎಂಬ ಮಾತು ಇಂದಿಗೂ ಕೇಳಿಬರುವುದುಂಟು. ಆದರೆ ಆ ಹನ್ನೆರಡು ಏತರ ಲೆಕ್ಕವೆಂದು ಕೇಳಿದರೆ, ಅದನ್ನು ಹೆಗಲಿಗೇರಿಸಿಕೊಂಡು ತಿರುಗುವವರಲ್ಲಿಯೂ ಉತ್ತರ ಹೇಳುವವರು ವಿರಳ. ಒಂದು ಪೌಂಡು ಸೀಸವನ್ನು ಕರಗಿಸಿ, ಸಮತೂಕದ ಹನ್ನೆರಡು ದುಂಡನೆಯ ಗುಂಡುಗಳನ್ನು ಎರಕ ಹೊಯ್ದರೆ, ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವುದೋ ಅದೇ ಹನ್ನೆರಡು ಬೋರಿನ ನಳಿಗೆ. ಆದಕಾರಣ ಸಂಖ್ಯೆ ಕಿರಿದಾದಷ್ಟೂ ಕೋವಿಯ ಬಾಯಿ ಹಿರಿದು. ನಾಲ್ಕು ಬೋರಿನ ಕೋವಿಯೆಂದರೆ ಕಾಲು ಪೌಂಡು ತೂಕದ ಗುಂಡನ್ನು ಉಗುಳುವ, ಅಂಗುಲದಷ್ಟು ಅಗಲಬಾಯಿಯ ಆಯುಧ.

ಹತ್ತೊಂಬತ್ತನೆಯ ಶತಮಾನದ ಬೇಟೆಗಾರನು ಇಂಥ ಭಾರವನ್ನು ಹೊತ್ತುದು ಆಡಂಬರಕ್ಕಾಗಿ ಅಲ್ಲ. ಆಗಿನ ಕರಿಮದ್ದನ್ನು ಎಷ್ಟು ತುಂಬಿದರೂ ಭಾರವಾದ ಗುಂಡಿಗೆ ದೊರೆಯುತ್ತಿದ್ದ ವೇಗಕ್ಕೆ ಒಂದು ಮಿತಿಯಿದ್ದುದರಿಂದ, ಆನೆ ಕಾಟಿಗಳ ಚರ್ಮ ಮಾಂಸ ಅಸ್ಥಿಗಳನ್ನು ಭೇದಿಸಬೇಕಾದರೆ ಸೀಸದ ತೂಕವನ್ನು ಹೆಚ್ಚಿಸುವುದೊಂದೇ ಅವನಿಗಿದ್ದ ಮಾರ್ಗ. ಸಿಂಹಳದ ಆನೆಬೇಟೆಯಿಂದ ಪ್ರಸಿದ್ಧನಾದ ಸ್ಯಾಮ್ಯುಯಲ್ ಬೇಕರನು 1840ರಲ್ಲಿ ಬ್ರಿಸ್ಟಲ್ ನಗರದ ಗಿಬ್ಸ್ ಎಂಬುವನಿಂದ ಮಾಡಿಸಿಕೊಂಡ ರೈಫಲ್ಲು 21 ಪೌಂಡು ತೂಗುತ್ತಿತ್ತು. ಮುಂದೆ ನೈಲ್ ನದಿಯ ಮೂಲವನ್ನರಸಿ ಹೋದಾಗ ಅವನು ಒಯ್ದಿದ್ದ, ಅರ್ಧ ಪೌಂಡಿನ ಸಿಡಿಗುಂಡನ್ನು ಹಾರಿಸುವ ಇನ್ನೊಂದು ಕೋವಿಗೆ ಅವನ ಅರಬ್ಬಿ ಅನುಚರರು ‘ತೋಪಿನ ಕೂಸು’ ಎಂದು ಹೆಸರಿಟ್ಟಿದ್ದರು. ಅದರ ಹಿನ್ನೂಕು ಹಾರಿಸಿದವನನ್ನೇ ತಿರುಗಿಸಿ ಬಿಡುತ್ತಿತ್ತಾಗಿ, ಒಡೆಯನಿಗೂ ಅದರ ವಿಷಯದಲ್ಲಿ ಅಂಜಿಕೆಯಿತ್ತು. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾದಿಂದ ಆನೆಗಳನ್ನು ಹಿಡಿದ ನಮ್ಮ ಮೈಸೂರಿನ ಸ್ಯಾಂಡರ್ಸನ್ನನೂ ಮದದಾನೆಯ ಎದುರಿಗೆ ನೆಚ್ಚಿದ್ದುದು ನಾಲ್ಕು ಬೋರಿನ ಜೋಡುನಳಿಗೆಯನ್ನೇ. ಒಂದು ಈಡಿನ ಬಳಿಕ ಕವಿಯುತ್ತಿದ್ದ ಹೊಗೆಯಲ್ಲಿ ಮೃಗವು ಬಿದ್ದಿತೋ ಮೇಲೇರಿ ಬರುತ್ತಿದೆಯೋ ತಿಳಿಯದೆ ನಿಲ್ಲಬೇಕಾಗಿದ್ದ ಆ ಕ್ಷಣದಲ್ಲಿ, ಎರಡನೆಯ ನಳಿಗೆಯೇ ಪ್ರಾಣಕ್ಕೆ ಆಧಾರ.

ಹೊಗೆಯಿಲ್ಲದ ಮದ್ದು ಬಂದು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. 1889ರ ಕಾರ್ಡೈಟ್ ಎಂಬ ಇಂಥ ಮದ್ದನ್ನು ಬಳಸಿಕೊಂಡು, 1898ರಲ್ಲಿ ಲಂಡನ್ನಿನ ರಿಗ್ಬಿಯವರು ಹೊರತಂದ 0.450 ಅಂಗುಲದ ರೈಫಲ್ಲು, ನಾಲ್ಕು ಬೋರಿನ ಗುಂಡಿನ ಮೂರರಲ್ಲೊಂದು ಪಾಲಿಗೂ ಕಡಿಮೆ ತೂಕದ, ಗಟ್ಟಿ ಲೋಹದ ಕವಚವುಳ್ಳ ಗುಂಡನ್ನು ಸೆಕೆಂಡಿಗೆ 2,000 ಅಡಿಗೂ ಮೀರಿದ ವೇಗದಲ್ಲಿ ಕಳುಹಿಸಬಲ್ಲುದಾಗಿತ್ತು. ಆದರೆ ಬಂಡಾಯಗಾರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ ಬಂದೂಕುಗಳಿಗೆ ಇದೇ ಅಳತೆಯ ಗುಂಡು ದೊರೆತೀತೆಂದು ಶಂಕಿಸಿದ ಬ್ರಿಟಿಷ್ ಸರಕಾರವು 1907ರಲ್ಲಿ ಭಾರತಕ್ಕೆ 0.450ರ ಆಮದನ್ನು ನಿಷೇಧಿಸಿತು. ಕೂಡಲೆ ಕೋವಿ ತಯಾರಕರು 0.465, 0.470, 0.475 ಎಂದು ಕೂದಲೆಳೆಯಷ್ಟು ಅಗಲಗೊಳಿಸಿ ಹೊಸ ಅಳತೆಗಳನ್ನು ಹೊರತಂದರು. ಈ ಸಂಖ್ಯೆಗಳಲ್ಲಿ ಬೇಟೆಗಾರನ ಅನುಭವವನ್ನು ಹುಡುಕುವವನು, ಅವುಗಳಲ್ಲಿ ಕೆಲವು ಹುಟ್ಟಿದ್ದು ಅರಣ್ಯದಲ್ಲಲ್ಲ, ಕಚೇರಿಯ ಕಡತದಲ್ಲಿ ಎಂಬುದನ್ನು ಮರೆಯಬಾರದು.

ಇದೇ ಕಾಲದಲ್ಲಿ ಆಫ್ರಿಕದಲ್ಲಿ ಸ್ಕಾಟ್‌ಲೆಂಡಿನ ಬೆಲ್ ಎಂಬಾತನು, ಜಿಂಕೆಗೆ ತಕ್ಕುದೆಂದು ಇತರರು ಎಣಿಸುತ್ತಿದ್ದ 0.275ರ ರೈಫಲ್ಲನ್ನು ಹಿಡಿದು ಆನೆಗಳ ಹಿಂದೆ ಹೊರಟನು. ಬೇಕರನ ಅರ್ಧ ಪೌಂಡಿನ ಗುಂಡಿನ ಹತ್ತರಲ್ಲೊಂದು ಪಾಲೂ ತೂಗದ ಗುಂಡು ಅದು! ಜೀವಮಾನದಲ್ಲಿ ಸಾವಿರಕ್ಕೂ ಮೀರಿ ಆನೆಗಳನ್ನು ಕೊಂದ ಈತನ ಗುಟ್ಟು ಕೋವಿಯಲ್ಲಿರಲಿಲ್ಲ. ಆನೆಯ ತಲೆಬುರುಡೆಯನ್ನು ಉದ್ದಕ್ಕೆ ಗರಗಸದಿಂದ ಸೀಳಿ, ಆ ಅಪಾರ ಅಸ್ಥಿರಾಶಿಯಲ್ಲಿ ಮಿದುಳು ಹುದುಗಿರುವ ಚಿಕ್ಕ ಸ್ಥಾನವನ್ನು ಅವನು ಕಣ್ಣಾರೆ ಕಂಡುಕೊಂಡಿದ್ದನು. ಆ ಅರಿವಿಲ್ಲದೆ ಅದೇ ಕಿರುಗೋವಿಯನ್ನು ಹಿಡಿದವನಿಂದ ಗಾಯಗೊಂಡ ಮೃಗಗಳೂ ತುಳಿತಕ್ಕೆ ಸಿಕ್ಕ ಮನುಷ್ಯರೂ ಹೆಚ್ಚುವುದೇ ಸಹಜವಾದುದರಿಂದ, ಮುಂದೆ ಕೀನ್ಯದಲ್ಲಿ ಅಪಾಯಕರ ಮೃಗಗಳ ಬೇಟೆಗೆ 0.375ಕ್ಕಿಂತ ಕಿರಿದಾದ ರೈಫಲ್ಲು ಸಲ್ಲದೆಂಬ ಕಟ್ಟಳೆ ಬಂದಿತು. ಬೇಟೆಗಾರನ ಅರಿವನ್ನು ಅಳೆಯಲು ಕಾಯಿದೆಗೆ ಕೋಲಿಲ್ಲ. ಆದುದರಿಂದ ಅದು ನಳಿಗೆಯನ್ನು ಅಳೆಯಿತು.

ನಳಿಗೆಯ ಗಾತ್ರವೇ ಎಲ್ಲವೂ ಅಲ್ಲವೆಂಬುದಕ್ಕೆ ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್ಟನ ಅನುಭವವೂ ಸಾಕ್ಷಿ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಎದುರು ಅವನ ಬಳಿ ಇದ್ದುದು 0.500ರ ದೊಡ್ಡ ರೈಫಲ್ಲು ಮತ್ತು ಮೂರೇ ತೋಟಾ. ಅವು ಮುಗಿದ ಮೇಲೆ ಓಡಿಹೋಗಿ ತಹಶೀಲ್ದಾರರ ಹಳೆಯ ಕೋವಿಯನ್ನು ತಂದು, ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟರೆ ಗುಂಡು ತಗುಲಿದ್ದು ಮುಂಗಾಲಿಗೆ. ಆ ಸಾಹಸಕ್ಕೆ ಬಹುಮಾನವಾಗಿ ಬಂದ 0.275ರ ಹಗುರ ರೈಫಲ್ಲಿನಿಂದಲೇ, 1930ರಲ್ಲಿ, ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆಗಳನ್ನು ಹಿಡಿದಿದ್ದವನು, ಎಂಟು ಅಡಿ ದೂರದಲ್ಲಿ ಹೊಂಚಿದ್ದ ಚೌಗಢದ ಹೆಣ್ಣುಹುಲಿಯನ್ನು ಕಂಡು, ನಳಿಗೆಯನ್ನು ಒಂದೇ ಕೈಯಿಂದ ಮೆಲ್ಲಮೆಲ್ಲನೆ ಅದರತ್ತ ತಿರುಗಿಸಿ ಹೊಡೆದನು. ತೋಪಿನ ಕೂಸನ್ನು ಹಾಗೆ ಒಂದು ಕೈಯಲ್ಲಿ ಎತ್ತುವುದಾದರೂ ಸಾಧ್ಯವಿತ್ತೆ?